ಸ್ವಂತ ಮನೆಯ ಅಂಕಿ ಏರಿದರೆ ಜನ ಸುಖವಾಗಿದ್ದಾರೆ ಅಂತಲ್ಲ

ಪ್ರಶ್ನೆ: ಬಾಡಿಗೆ ಕಟ್ಟುವುದು ದುಡ್ಡು ಹಾಳು ಮಾಡಿದಂತೆ ಅಲ್ವಾ?

ಅಲ್ಲ. ಸಾಲದ ಬಡ್ಡಿಯೂ ವಾಪಸ್ ಬರುವುದಿಲ್ಲ.

ಪ್ರಶ್ನೆ: ಸ್ವಂತ ಮನೆಯವರ ಪ್ರಮಾಣ ಜಾಸ್ತಿ ಇದ್ದರೆ ದೇಶ ಮುಂದುವರಿದಿದೆ ಅಂತಲೇ ಅಲ್ವಾ?

ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ರೊಮೇನಿಯಾದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಸ್ವಂತ ಮನೆಯಲ್ಲಿದ್ದಾರೆ. ಸ್ವಿಟ್ಜರ್ಲೆಂಡಿನಲ್ಲಿ ಅರ್ಧದಷ್ಟೂ ಇಲ್ಲ. ಹಾಗಂತ ಸ್ವಿಸ್ ಜನ ಬಡವರೇ? 1989ರ ನಂತರ ರೊಮೇನಿಯಾ ಸರ್ಕಾರ ತನ್ನ ಫ್ಲ್ಯಾಟ್‌ಗಳನ್ನು ಅಲ್ಲಿದ್ದ ಬಾಡಿಗೆದಾರರಿಗೇ ಅಗ್ಗಕ್ಕೆ ಮಾರಿತು. ಅಂಕಿ ಏರಿದ್ದು ಹಾಗೆ. ಜರ್ಮನಿಯಲ್ಲಿ ಬಾಡಿಗೆದಾರರಿಗೆ ಕಾನೂನಿನ ಬಲ ಇದೆ. ಮನೆ ಕೊಳ್ಳಲೇಬೇಕು ಎಂಬ ಒತ್ತಡ ಅಲ್ಲಿ ಕಡಿಮೆ.

ಇನ್ನು ಎಣಿಸುವ ರೀತಿ ನೋಡಿ. ಅಮೆರಿಕದ ಜನಗಣತಿ ಇಲಾಖೆ ಈ ಪ್ರಮಾಣಕ್ಕೆ ಎಣಿಸುವುದು ಕುಟುಂಬಗಳನ್ನು, ವ್ಯಕ್ತಿಗಳನ್ನಲ್ಲ. ಬಾಡಿಗೆ ಕಟ್ಟಲಾಗದ ಮಗಳು ತಂದೆತಾಯಿಯ ಮನೆಗೆ ಮರಳಿದಳು ಅನ್ನಿ. ಒಂದು ಬಾಡಿಗೆ ಕುಟುಂಬ ಲೆಕ್ಕದಿಂದ ಹೋಯಿತು. ಸ್ವಂತ ಮನೆಯ ಪ್ರಮಾಣ ಏರಿತು! ಅವಳ ಕಷ್ಟ ಎಲ್ಲೂ ಕಾಣುವುದಿಲ್ಲ. ನನಗೆ ಸಿಟ್ಟು ಬರುವುದೇ ಇಲ್ಲಿ. ಒಟ್ಟು ಅಂಕಿ ಕೇಳಬೇಡಿ, ವಯಸ್ಸಿನ ಪ್ರಕಾರ ಕೇಳಿ. ಮೂವತ್ತರ ಆಸುಪಾಸಿನವರಲ್ಲಿ ಎಷ್ಟು ಜನ ಕೊಂಡಿದ್ದಾರೆ, ಎಷ್ಟು ಜನ ಇನ್ನೂ ಹೆತ್ತವರ ಜೊತೆಗಿದ್ದಾರೆ, ಎರಡನ್ನೂ ಒಟ್ಟಿಗೆ ನೋಡಿ.

ಅಂಕಿ ಏರಿಸಲೆಂದೇ ನೀತಿ ಮಾಡುವುದೂ ಅಪಾಯ. ಅಮೆರಿಕದಲ್ಲಿ ಈ ಪ್ರಮಾಣ 2004ರಲ್ಲಿ ಶೇ 69 ಮುಟ್ಟಿತು. ತೀರಿಸಲಾಗದವರಿಗೂ ಸಾಲ ಸಿಕ್ಕಿತ್ತು. 2016ರ ಹೊತ್ತಿಗೆ ಅದು ಶೇ 63ಕ್ಕೆ ಇಳಿಯಿತು. ನಡುವೆ ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಂಡವು.

ಪ್ರಶ್ನೆ: ಮನೆ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಕೊಟ್ಟರೆ ಹೆಚ್ಚು ಜನ ಮನೆ ಕೊಳ್ಳುತ್ತಾರಲ್ಲ?

ಡೆನ್ಮಾರ್ಕ್ 1987ರಲ್ಲಿ ಹೆಚ್ಚು ಆದಾಯದವರಿಗೆ ಈ ವಿನಾಯಿತಿಯನ್ನು ಚೆನ್ನಾಗಿಯೇ ಕಡಿತಗೊಳಿಸಿತು. ಸಂಶೋಧಕರು ನೋಡಿದಾಗ, ಮನೆ ಕೊಳ್ಳುವವರ ಪ್ರಮಾಣ ಬದಲಾಗಿರಲಿಲ್ಲ. ಕೊಳ್ಳುವ ಮನೆಯ ಗಾತ್ರ ಮತ್ತು ಬೆಲೆ ಮಾತ್ರ ತಗ್ಗಿತ್ತು. ಅಂದರೆ ವಿನಾಯಿತಿ ಹೋಗುತ್ತಿದ್ದುದು ಹೇಗಿದ್ದರೂ ಕೊಳ್ಳುವವರಿಗೆ. ಹೊಸ ಮನೆ ಕಟ್ಟಲು ಜಾಗ, ಅನುಮತಿ ಸಿಗದ ಕಡೆ ಸಹಾಯಧನ ಕೊಟ್ಟರೂ ಅಷ್ಟೇ. ಬೆಲೆ ಏರುತ್ತದೆ, ದುಡ್ಡು ಮಾರುವವರ ಕೈ ಸೇರುತ್ತದೆ.

ಪ್ರಶ್ನೆ: ಮನೆ ಬೆಲೆ ಎಂದೂ ಇಳಿಯುವುದಿಲ್ಲ ಎಂದು ವಿಡಿಯೊದಲ್ಲಿ ಒಬ್ಬರು ಹೇಳಿದರು. ನಿಜವೇ?

ಸುಳ್ಳು. 1990ರ ದಶಕದ ಆರಂಭದಿಂದ ಜಪಾನಿನ ಜಮೀನಿನ ಬೆಲೆ ದಶಕಕ್ಕೂ ಹೆಚ್ಚು ಕಾಲ ಇಳಿಯಿತು. ಇಂಥ ಭರವಸೆ ಮಾರುವವರಿಗೆ ಒಂದು ಕಾಸೂ ಕೊಡಬೇಡಿ. ಆರು ತಿಂಗಳ ಕಂತು ಕೈಯಲ್ಲಿ ಉಳಿಯದಿದ್ದರೆ ಸಾಲಕ್ಕೆ ಸಹಿಯನ್ನೂ ಹಾಕಬೇಡಿ. ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹೆದರುತ್ತೇನೆ. ನೀವೂ ಹೆದರಿ.