ಇಂಟರ್ವಲ್ (ಎರಡು ಸ್ವರಗಳ ನಡುವಿನ ದೂರ) ಹೆಸರೆಲ್ಲ ಗೊತ್ತು, ಆದರೆ ಕಿವಿಗೂ ಬೆರಳಿಗೂ ಸಿಗುತ್ತಿಲ್ಲ. ಪಿಯಾನೊದಲ್ಲಿ ಅಭ್ಯಾಸ ಹೇಗೆ ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಚಿಕ್ಕವರಿದ್ದಾಗ ಸ್ವಲ್ಪ ಕರ್ನಾಟಕ ಸಂಗೀತ ಕಲಿತಿದ್ದೀರಿ. ಈಗ ಗೋಣಿಕೊಪ್ಪದ ಮನೆಯಲ್ಲಿ 61 ಕೀಗಳ ಕೀಬೋರ್ಡ್ ಇಟ್ಟುಕೊಂಡು ಪಿಯಾನೊ ಶುರು ಮಾಡಿದ್ದೀರಿ. ಮೇಜರ್ ಥರ್ಡ್ ಅಂದರೆ 4 ಸೆಮಿಟೋನ್ (ಕಪ್ಪು ಬಿಳಿ ಎರಡೂ ಸೇರಿ, ಒಂದು ಕೀಯಿಂದ ಪಕ್ಕದ ಕೀಗೆ ಇರುವ ದೂರ ಒಂದು ಸೆಮಿಟೋನ್), ಪರ್ಫೆಕ್ಟ್ ಫಿಫ್ತ್ ಅಂದರೆ 7, ಎಲ್ಲ ಬಾಯಿಪಾಠ ಆಗಿದೆ. ಆದರೆ ಯಾರಾದರೂ ಎರಡು ಸ್ವರ ನುಡಿಸಿದರೆ ಅದು ಯಾವುದು ಅಂತ ಹೇಳಲು ಬರುತ್ತಿಲ್ಲ. ಇ ಫ್ಲಾಟ್‌ನಿಂದ ಮೇಜರ್ ಸಿಕ್ಸ್ತ್ ನುಡಿಸಿ ಅಂದರೆ ಒಂದೊಂದೇ ಕೀ ಎಣಿಸಿಕೊಂಡು ಹೋಗಬೇಕು. ಇದಕ್ಕೆ ಕ್ರಮವಾದ ಅಭ್ಯಾಸ ಯಾವುದು, ಈ ಕೀಬೋರ್ಡ್ ಸಾಕಾ ಅಂತ ಕೇಳಿದ್ದೀರಿ.

ನಾನು ಮಡಿಕೇರಿಯಲ್ಲಿ ಮನೆಯಲ್ಲೇ ಪಿಯಾನೊ ಹೇಳಿಕೊಡುತ್ತೇನೆ. ಈ ತೊಂದರೆ ತೀರಾ ಸಾಮಾನ್ಯ. ನಾನು ಎಲ್ಲರಿಗೂ ಹೇಳುವುದು ಒಂದೇ: ಮೊದಲು ಹಾಡಿ, ಆಮೇಲೆ ಕೀ ಒತ್ತಿ.

ಕೀ ಮೊದಲು ಒತ್ತಿದರೆ ಉತ್ತರವನ್ನು ಕೀಬೋರ್ಡೇ ಕೊಟ್ಟುಬಿಡುತ್ತದೆ, ಕಿವಿ ಸುಮ್ನೆ ಹೂಂಗುಟ್ಟುತ್ತದೆ. ಹಾಗೆ ನೂರು ಸಲ ಒತ್ತಿದರೂ ಕಿವಿಗೆ ಏನೂ ಕೆಲಸ ಇಲ್ಲ. ಅದರ ಬದಲು ಸಿ ಒಂದನ್ನೇ ಒತ್ತಿ, ಅದರ ಮೇಲಿನ ಫಿಫ್ತ್ ಎಲ್ಲಿದೆ ಅಂತ ಮನಸ್ಸಲ್ಲೇ ಹುಡುಕಿ ಬಾಯಲ್ಲಿ ಹಾಡಿ, ಹಾಡಿದ ಸ್ವರ ಬಿಡದೆ ಹಿಡಿದುಕೊಂಡಿದ್ದಾಗಲೇ ಜಿ ಒತ್ತಿ. ಸರಿಯಾಗಿದ್ದರೆ ನಿಮ್ಮ ದನಿ ಕೀಬೋರ್ಡಿನ ದನಿಯೊಳಗೆ ಸೇರಿಹೋಗುತ್ತದೆ. ಸ್ವಲ್ಪ ತಪ್ಪಿದ್ದರೂ ಒಂಥರಾ ಕಿರಿಕಿರಿ ಆಗುತ್ತದೆ, ಯಾರೂ ಹೇಳಬೇಕಾಗಿಲ್ಲ. ನಿಮ್ಮ ದನಿ ಚೆನ್ನಾಗಿರಬೇಕು ಅಂತೇನೂ ಇಲ್ಲ, ಗುನುಗಿದರೂ ಸಾಕು. ಒಂದು ಮಾತ್ರ, ಗಮಕ, ಅಂದರೆ ಸ್ವರವನ್ನು ಅಲುಗಿಸಿ ಹಾಡುವುದು, ಬೇಡ. ಕರ್ನಾಟಕ ಸಂಗೀತ ಕಲಿತವರ ಗಂಟಲು ಗಾಂಧಾರ, ನಿಷಾದ ಬಂದ ಕೂಡಲೇ ಅಲುಗಾಡಿಸಲು ಶುರು ಮಾಡುತ್ತದೆ. ಇಲ್ಲಿ ಸ್ವರ ನೆಟ್ಟಗೆ ನಿಲ್ಲಬೇಕು.

ನನ್ನ ಹತ್ತಿರ ಬರುವ ಒಬ್ಬ ಹುಡುಗಿ ಇದ್ದಾಳೆ, ಎಣಿಸುವುದರಲ್ಲಿ ಪಂಟರ್. ಬೆರಳು ಅಲ್ಲಾಡಿಸಬೇಡ ಅಂದರೆ ಕೈ ಮಡಿಚಿಕೊಂಡು ಕೂರುತ್ತಾಳೆ, ಆದರೆ ಗಲ್ಲ ಸಣ್ಣಗೆ ಅಲ್ಲಾಡುತ್ತದೆ. ಏಳು ಸಲ ಅಲ್ಲಾಡಿದ ಮೇಲೆ ಸರಿಯಾದ ಕೀ ಒತ್ತುತ್ತಾಳೆ! ಉತ್ತರ ಸರಿ, ಆದರೆ ಅಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ. ಮಗ್ಗಿ ಇದ್ದ ಹಾಗೆ ಇದು, ಏಳೆಂಟ್ಲ ಐವತ್ತಾರು ಅಂತ ಬಾಯಿಗೆ ಬರಬೇಕೇ ಹೊರತು ಏಳನ್ನು ಎಂಟು ಸಲ ಕೂಡಿಸುತ್ತಾ ಕೂರಲು ಆಗುವುದಿಲ್ಲ.

ನಿಮಗೆ ಒಂದು ಅನುಕೂಲ ಇದೆ, ಅದನ್ನು ನೀವು ಗಮನಿಸಿದ ಹಾಗಿಲ್ಲ. ಪಾಠ ಶುರು ಮಾಡುವಾಗ ಶ್ರುತಿಗೆ ಸೇರಿಸಿ ಸ-ಪ-ಸ ಹಾಡುತ್ತಿದ್ದಿರಲ್ಲ, ಅದರಲ್ಲಿ ಸ ದಿಂದ ಪ ಪರ್ಫೆಕ್ಟ್ ಫಿಫ್ತ್, ಪ ದಿಂದ ಮೇಲಿನ ಸ ಪರ್ಫೆಕ್ಟ್ ಫೋರ್ತ್, ಒಟ್ಟಿಗೆ ಆಕ್ಟೇವ್. ಮೂರು ಇಂಟರ್ವಲ್ ಆಗಲೇ ಗಂಟಲಲ್ಲಿವೆ. ಸರಳೆ ವರಸೆ, ಅಂದರೆ ಮೊದಲ ಸ್ವರಪಾಠಗಳು, ಮಾಯಾಮಾಳವಗೌಳ ರಾಗದಲ್ಲಿ ಕಲಿತಿರುತ್ತೀರಿ. ಅದನ್ನು ಸಿ ಇಂದ ನುಡಿಸಿದರೆ ಸಿ, ಡಿ ಫ್ಲಾಟ್, ಇ, ಎಫ್, ಜಿ, ಎ ಫ್ಲಾಟ್, ಬಿ, ಸಿ. ಸ-ರಿ ಒಂದು ಸೆಮಿಟೋನ್. ರಿ-ಗ ಮೂರು, ಕಿವಿಗೆ ಅದು ಮೈನರ್ ಥರ್ಡೇ. ಮ-ಪ ಎರಡು, ಅಂದರೆ ಮೇಜರ್ ಸೆಕೆಂಡ್. ಸ-ಗ ಅಂತರ ಗಾಂಧಾರ, ಅದೇ ಮೇಜರ್ ಥರ್ಡ್. ಇಷ್ಟನ್ನೂ ಸಾವಿರ ಸಲ ಹಾಡಿದ್ದೀರಿ, ಈಗ ಅದಕ್ಕೆ ಇನ್ನೊಂದು ಹೆಸರು ಅಂಟಿಸಬೇಕು ಅಷ್ಟೆ.

ಆದರೆ ಇದೇ ಅನುಕೂಲ ಮುಂದೆ ಕಾಲಿಗೆ ತೊಡರುತ್ತದೆ. ನಮ್ಮ ಕಿವಿ ಎಲ್ಲವನ್ನೂ ಸ ದಿಂದ ಅಳೆಯುತ್ತದೆ. ಸ-ಗ ಕೇಳಿದರೆ ಥಟ್ಟಂತ ಗೊತ್ತಾಗುತ್ತದೆ, ಪ-ನಿ ಕೂಡ ಅಷ್ಟೇ ದೂರ ಅಂದರೆ ನಂಬಿಕೆ ಬರುವುದಿಲ್ಲ. ಅದಕ್ಕೆ ಶಂಕರಾಭರಣ ರಾಗ ತೆಗೆದುಕೊಳ್ಳಿ, ಅಂದರೆ ಸಿ ಇಂದ ಬರೀ ಬಿಳಿ ಕೀಗಳು. ಸಗ, ರಿಮ, ಗಪ, ಮದ, ಪನಿ, ದಸ, ನಿರಿ ಅಂತ ಜೋಡಿ ಜೋಡಿಯಾಗಿ ಹಾಡಿ ನುಡಿಸಿ. ಇದರಲ್ಲಿ ಸಗ, ಮದ, ಪನಿ ಮೂರು ಮಾತ್ರ ಮೇಜರ್ ಥರ್ಡ್, ಉಳಿದ ನಾಲ್ಕೂ ಮೈನರ್. ಪ್ರತಿ ಜೋಡಿ ಹಾಡುವಾಗ ಸ್ವರದ ಹೆಸರು ಬಿಟ್ಟು ಮೇಜರ್, ಮೈನರ್ ಅಂತಲೇ ಹೇಳಿ. ಎರಡು ದಿನ ನಾಲಿಗೆ ತಡವರಿಸುತ್ತದೆ, ತಡವರಿಸಲಿ.

ಈಗ ಮುಖ್ಯ ಅಭ್ಯಾಸ. ಒಂದು ವಾರಕ್ಕೆ ಒಂದೇ ಇಂಟರ್ವಲ್. ಅದನ್ನು 12 ಕೀಗಳಿಂದಲೂ ಮಾಡಿ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ, ಸಿ ಇಂದ ಎಲ್ಲ ಇಂಟರ್ವಲ್ ನುಡಿಸಿ ಮುಗಿಯಿತು ಅನ್ನುತ್ತಾರೆ. ಆಗ ಸಿ ಒಂದೇ ಬರುತ್ತದೆ, ಬೇರೆ ಯಾವುದೂ ಬರುವುದಿಲ್ಲ. ಫಿಫ್ತ್‌ನಿಂದ ಶುರು ಮಾಡಿ. ಸಿ ಇಂದ ಸೆಮಿಟೋನ್ ಸೆಮಿಟೋನಾಗಿ ಮೇಲೆ ಹೋಗಿ: ಕೆಳಗಿನ ಸ್ವರ ಒತ್ತಿ, ಮೇಲಿನದು ಹಾಡಿ, ಮೇಲಿನದು ಒತ್ತಿ, ಆಮೇಲೆ ಎರಡೂ ಒಟ್ಟಿಗೆ ಒತ್ತಿ ಕೇಳಿ. ಬೇಗ ಮಾಡಬೇಡಿ. ಎರಡೂ ಒಟ್ಟಿಗೆ ಒತ್ತಿದಾಗ ಕೈ ಹೇಗೆ ಕೂತಿದೆ ಅಂತಲೂ ನೋಡಿಕೊಳ್ಳಿ.

ಇಲ್ಲೇ ಪಿಯಾನೊದ ಮಜಾ ಇರುವುದು. ಕೀಗಳ ಬಣ್ಣಕ್ಕೆ ಒಂದು ಲೆಕ್ಕ ಇದೆ. ಹನ್ನೆರಡು ಫಿಫ್ತ್‌ಗಳಲ್ಲಿ ಹತ್ತರಲ್ಲಿ ಎರಡೂ ಕೀ ಬಿಳಿ, ಇಲ್ಲಾ ಎರಡೂ ಕಪ್ಪು. ತಪ್ಪಿಸಿಕೊಳ್ಳುವುದು ಎರಡೇ ಎರಡು: ಬಿ ಇಂದ ಎಫ್ ಶಾರ್ಪ್, ಬಿ ಫ್ಲಾಟ್‌ನಿಂದ ಎಫ್. ಇಷ್ಟು ಗೊತ್ತಿದ್ದರೆ ಎಣಿಸುವ ಗೊಡವೆಯೇ ಇಲ್ಲ, ಹೆಬ್ಬೆರಳು ಎಲ್ಲಿದೆಯೋ ಅದೇ ಬಣ್ಣದ ಕೀ ಮೇಲೆ ಕಿರುಬೆರಳು ತಾನಾಗಿ ಬೀಳುತ್ತದೆ. ಟ್ರೈಟೋನ್ (6 ಸೆಮಿಟೋನ್ ದೂರ) ಇದಕ್ಕೆ ಪೂರ್ತಿ ಉಲ್ಟಾ, ಎಫ್ ಮತ್ತು ಬಿ ಜೋಡಿ ಬಿಟ್ಟರೆ ಎಲ್ಲವೂ ಒಂದು ಬಿಳಿ ಒಂದು ಕಪ್ಪು. ಮೇಜರ್ ಥರ್ಡ್‌ನಲ್ಲಿ ಮೂರು ಜೋಡಿ ಪೂರ್ತಿ ಬಿಳಿ, ಒಂದೇ ಒಂದು ಜೋಡಿ ಪೂರ್ತಿ ಕಪ್ಪು, ಎಫ್ ಶಾರ್ಪ್ ಮತ್ತು ಎ ಶಾರ್ಪ್. ಈ ಲೆಕ್ಕ ನಾನು ಹೇಳಿದೆ ಅಂತ ಉರು ಹೊಡೆಯಬೇಡಿ, ಪ್ರತಿ ವಾರದ ಇಂಟರ್ವಲ್‌ಗೆ ನೀವೇ ಹುಡುಕಿ. ಹುಡುಕಿಕೊಂಡದ್ದು ಕೈಯಲ್ಲಿ ಉಳಿಯುತ್ತದೆ.

ಎರಡು ಮೂರು ದಿನ ಆದ ಮೇಲೆ ಕ್ರಮ ಮುರಿಯಿರಿ. ಹನ್ನೆರಡು ಚೀಟಿ ಮಾಡಿ, ಒಂದೊಂದರ ಮೇಲೆ ಒಂದೊಂದು ಕೀ ಹೆಸರು ಬರೆದು ಲೋಟಕ್ಕೆ ಹಾಕಿ, ಎತ್ತಿದ ಕೀ ಇಂದ ಆ ವಾರದ ಇಂಟರ್ವಲ್. ಮೇಲಕ್ಕೂ ಮಾಡಿ, ಕೆಳಕ್ಕೂ ಮಾಡಿ. ಕೆಳಕ್ಕೆ ಮಾಡುವುದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಸಿ ಇಂದ ಕೆಳಗಿನ ಫಿಫ್ತ್ ಯಾವುದು ಅಂದರೆ ಹತ್ತರಲ್ಲಿ ಒಂಬತ್ತು ಜನ ಜಿ ಅನ್ನುತ್ತಾರೆ. ಅದು ಎಫ್. ಕೆಳಗಿನ ಜಿ ಬರೀ ಫೋರ್ತ್ ದೂರ.

ಫಿಫ್ತ್ ಆದ ಮೇಲೆ ಫೋರ್ತ್, ಮೇಜರ್ ಥರ್ಡ್, ಮೈನರ್ ಥರ್ಡ್, ಎರಡು ಸೆಕೆಂಡ್‌ಗಳು. ಸಿಕ್ಸ್ತ್ ಮತ್ತು ಸೆವೆಂತ್‌ಗೆ ಅಷ್ಟು ಕಷ್ಟ ಪಡಬೇಕಾಗಿಲ್ಲ, ಅವು ಆಗಲೇ ಕಲಿತದ್ದರ ಉಲ್ಟಾ. ಕೆಳಗಿನ ಸ್ವರವನ್ನು ಒಂದು ಆಕ್ಟೇವ್ ಮೇಲಕ್ಕೆ ಎತ್ತಿಟ್ಟರೆ ಮೇಜರ್ ಥರ್ಡ್ ಮೈನರ್ ಸಿಕ್ಸ್ತ್ ಆಗುತ್ತದೆ, ಮೈನರ್ ಥರ್ಡ್ ಮೇಜರ್ ಸಿಕ್ಸ್ತ್. ಸೆಮಿಟೋನ್ ಕೂಡಿಸಿದರೆ ಯಾವಾಗಲೂ 12. ನೀವು ಕೇಳಿದ ಇ ಫ್ಲಾಟ್‌ನ ಮೇಜರ್ ಸಿಕ್ಸ್ತ್ ಬೇಕಾದರೆ ಒಂಬತ್ತು ಕೀ ಎಣಿಸಬೇಡಿ, ಮೂರು ಕೆಳಗೆ ನೋಡಿ. ಸಿ ಸಿಗುತ್ತದೆ. ಅದರ ಮೇಲಿನ ಸಿ ನಿಮ್ಮ ಉತ್ತರ.

ಕೇಳಿ ಗುರುತಿಸುವಾಗ ಜಾಸ್ತಿ ಗಲಿಬಿಲಿ ಆಗುವುದು ಫೋರ್ತ್ ಮತ್ತು ಫಿಫ್ತ್‌ಗೆ. ಇಲ್ಲಿ ದೂರ ಅಳೆಯಲು ಹೋಗಬೇಡಿ, ಎರಡರಲ್ಲಿ ಯಾವುದು ಸ ಅನ್ನಿಸುತ್ತದೆ ಅಂತ ಕೇಳಿಕೊಳ್ಳಿ. ಕೆಳಗಿನದು ಸ ಅನ್ನಿಸಿದರೆ ಬಹುತೇಕ ಫಿಫ್ತ್. ಮೇಲಿನದು ಸ ಅನ್ನಿಸಿದರೆ, ಅಂದರೆ ಪ-ಸ ಥರ ಕೇಳಿದರೆ, ಫೋರ್ತ್. ಟ್ರೈಟೋನ್ ಅಂದರೆ ಸ ದಿಂದ ಪ್ರತಿ ಮಧ್ಯಮ (ಪಂಚಮಕ್ಕೆ ಒಂದು ಸೆಮಿಟೋನ್ ಕೆಳಗಿನ ಮ), ಕಲ್ಯಾಣಿ ರಾಗ ಹಾಡಿದ್ದರೆ ಅದರ ಎಳೆತ ಗೊತ್ತಿರುತ್ತದೆ, ಪಂಚಮಕ್ಕೆ ಹೋಗದೆ ಸುಮ್ಮನಿರುವುದಿಲ್ಲ. ಹಾಡಿನ ಮೊದಲ ಸಾಲು ನೆನಪಿಟ್ಟುಕೊಂಡು ಇಂಟರ್ವಲ್ ಗುರುತಿಸಿ ಅಂತ ತುಂಬಾ ಕಡೆ ಹೇಳುತ್ತಾರೆ. ಶುರುವಿಗೆ ಪರವಾಗಿಲ್ಲ. ಆದರೆ ಆ ಸಾಲು ಒಂದೇ ಜಾಗದ ಇಂಟರ್ವಲ್ ಕಲಿಸುತ್ತದೆ, ಬೇರೆ ಜಾಗದಲ್ಲಿ ಅದೇ ದೂರ ಬಂದರೆ ಹಾಡು ನೆನಪಾಗುವುದಿಲ್ಲ. ನನಗೆ ಆ ದಾರಿ ಅಷ್ಟು ಹಿಡಿಸಿಲ್ಲ.

ಆ್ಯಪ್ ಬೇಕಾದರೆ ಇಟ್ಟುಕೊಳ್ಳಿ, ಆದರೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ನಿಮ್ಮ ಫೋನಿನ ರೆಕಾರ್ಡರ್. ಎರಡು ಸ್ವರ ನುಡಿಸಿ, ಐದು ಸೆಕೆಂಡ್ ಸುಮ್ಮನಿರಿ, ಆಮೇಲೆ ಉತ್ತರ ಹೇಳಿ. ಹೀಗೆ ಮೂವತ್ತು ನಲವತ್ತು ಜೋಡಿ. ಎರಡು ದಿನ ಬಿಟ್ಟು ಕೇಳಿದರೆ ಏನು ನುಡಿಸಿದ್ದಿರಿ ಅಂತ ನಿಮಗೇ ನೆನಪಿರುವುದಿಲ್ಲ. ಕಣದಲ್ಲಿ ಕಾಫಿ ಹರಡುವಾಗಲೋ ಬಸ್ಸಲ್ಲೋ ಕಿವಿಗೆ ಹಾಕಿಕೊಂಡು, ಉತ್ತರ ಬರುವ ಮೊದಲು ನೀವು ಹೇಳಬೇಕು. ಮದುವೆಗೆ ಹೋದಾಗ ವಾಲಗ ಕೇಳುತ್ತಾ ಕೊಂಬಿನ (ಊದುವ ಬಾಗಿದ ಕಹಳೆ) ಕಡೆ ಕಿವಿ ಕೊಡಿ. ಅದರಲ್ಲಿ ಬೆರಳಿಟ್ಟು ಮುಚ್ಚುವ ತೂತಿಲ್ಲ, ತುಟಿ ಮತ್ತು ಉಸಿರಿನ ಬಿಗಿಯಲ್ಲೇ ಸ್ವರ ಬದಲಾಗಬೇಕು, ಹಾಗಾಗಿ ಆಕ್ಟೇವ್, ಫಿಫ್ತ್, ಫೋರ್ತ್ ಥರದ ದೊಡ್ಡ ಜಿಗಿತಗಳೇ ಸುಲಭವಾಗಿ ಬರುವುದು. ಕುಣಿಯಲು ಎಳೆದುಕೊಂಡು ಹೋದರೆ ಹೋಗಿ, ಪರವಾಗಿಲ್ಲ.

ತಂಬೂರಿ ಕೇಳಿ ಬೆಳೆದ ಕಿವಿಗೆ ಇನ್ನೊಂದು ಅನುಮಾನ ಬರಬಹುದು, ಪಿಯಾನೊದ ಮೇಜರ್ ಥರ್ಡ್ ಯಾಕೋ ಸ್ವಲ್ಪ ಮೇಲಿದೆಯಲ್ಲಾ ಅಂತ. ನಿಜ, ಮೇಲಿದೆ. ಪಿಯಾನೊದಲ್ಲಿ ಆಕ್ಟೇವ್ ಅನ್ನು 12 ಸಮ ಭಾಗ ಮಾಡಿದ್ದಾರೆ, ಒಂದೊಂದು 100 ಸೆಂಟ್. ಅಲ್ಲಿ ಮೇಜರ್ ಥರ್ಡ್ 400 ಸೆಂಟ್, ಶುದ್ಧವಾಗಿ ಶ್ರುತಿಗೆ ಕೂರುವ ಅಂತರ ಗಾಂಧಾರ ಸುಮಾರು 386. ಫಿಫ್ತ್‌ನಲ್ಲಿ ವ್ಯತ್ಯಾಸ ಬರೀ 2 ಸೆಂಟ್, ಗೊತ್ತೇ ಆಗುವುದಿಲ್ಲ. ನಿಮ್ಮ ಕಿವಿ ಕೆಟ್ಟಿಲ್ಲ, ಪಿಯಾನೊ ಜೊತೆ ಹಾಡುವಾಗ ಪಿಯಾನೊ ಹೇಳಿದಂತೆ ಕೇಳಿ.

ದಿನಕ್ಕೆ 15 ನಿಮಿಷ ಸಾಕು. ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ಅದು ವಾಸಿ, ಕಿವಿ ಬೇಗ ದಣಿಯುತ್ತದೆ.

ಪರಿಚಯದ ಎಸ್ಟೇಟ್ ಬಂಗಲೆಯಲ್ಲಿ ಹಳೆ ಪಿಯಾನೊ ಇದೆ, ಅಲ್ಲಿ ಅಭ್ಯಾಸ ಮಾಡಲಾ ಅಂತಲೂ ಕೇಳಿದ್ದೀರಿ. ಟ್ಯೂನ್ ಮಾಡಿಸಿದ್ದರೆ ಮಾತ್ರ. ನಮ್ಮ ಮಳೆಗಾಲದ ತೇವಕ್ಕೆ ಒಳಗಿನ ಮರ ಉಬ್ಬುತ್ತದೆ, ಫೆಲ್ಟ್ ಊದಿ ಕೀ ಒತ್ತಿದರೆ ಮೇಲೆ ಬರುವುದಿಲ್ಲ, ತಂತಿಗೆ ತುಕ್ಕು ಬೇರೆ. ಕೆಲವರು ಒಳಗೆ ಸಣ್ಣ ಬಲ್ಬ್ ಉರಿಸಿ ಬೆಚ್ಚಗಿಡುತ್ತಾರೆ, ಆದರೂ ಜುಲೈನಲ್ಲಿ ಎಲ್ಲ ಕೀ ಒಂದೇ ಥರ ನಿಲ್ಲುವುದು ಕಷ್ಟ. ಶ್ರುತಿ ಕೆಟ್ಟ ಪಿಯಾನೊದಲ್ಲಿ ಹಾಡು ನುಡಿಸಿ ಖುಷಿ ಪಡಬಹುದು, ಇಂಟರ್ವಲ್ ಕಲಿಯುವುದು ಬೇಡ.

ನಿಮ್ಮ ಕೀಬೋರ್ಡೇ ಇದಕ್ಕೆ ಒಳ್ಳೆಯದು. 61 ಕೀ ಅಂದರೆ ಐದು ಆಕ್ಟೇವ್, ಧಾರಾಳವಾಯಿತು. ಹಂಚಿನ ಮೇಲೆ ಮಳೆ ಹೊಡೆಯುವಾಗ ಹೆಡ್‌ಫೋನ್ ಹಾಕಿಕೊಳ್ಳಿ, ಕರೆಂಟ್ ಹೋದರೆ ಸೆಲ್ ಹಾಕಿ ನುಡಿಸಲು ಬರುತ್ತದೆಯೇ ನೋಡಿ. ಟೋನ್ ಪಿಯಾನೊದ್ದೇ ಇರಲಿ. ಇನ್ನೊಂದು, ನೀವು ಹಾಡನ್ನು ನಿಮ್ಮ ಶ್ರುತಿಗೆ ಹೊಂದಿಸಲು ಟ್ರಾನ್ಸ್‌ಪೋಸ್ ಬಟನ್, ಅಂದರೆ ಎಲ್ಲ ಕೀಗಳ ಸ್ವರವನ್ನು ಒಟ್ಟಿಗೆ ಮೇಲೆ ಕೆಳಗೆ ಸರಿಸುವ ಬಟನ್, ಒತ್ತಿಟ್ಟಿರಬಹುದು. ಕರ್ನಾಟಕ ಸಂಗೀತದಿಂದ ಬಂದವರು ಹೆಚ್ಚಾಗಿ ಹಾಗೇ ಮಾಡುತ್ತಾರೆ, ಎಲ್ಲವನ್ನೂ ಸಿ ಇಂದಲೇ ನುಡಿಸಿದರೆ ಆಯಿತು ಅಂತ. ಅಭ್ಯಾಸಕ್ಕೆ ಕೂರುವ ಮೊದಲು ಅದನ್ನು ಸೊನ್ನೆಗೆ ತನ್ನಿ. ಇಲ್ಲದಿದ್ದರೆ ಕಣ್ಣಿಗೆ ಕಾಣುವ ಕೀ ಒಂದು, ಕಿವಿಗೆ ಕೇಳುವ ಸ್ವರ ಇನ್ನೊಂದು ಆಗುತ್ತದೆ, ಮುಂದೆ ಬೇರೆಯವರ ಪಿಯಾನೊ ಮುಂದೆ ಕೂತಾಗ ಎಲ್ಲ ಹೊಸದಾಗಿ ಶುರು ಮಾಡಬೇಕಾಗುತ್ತದೆ.