ಗ್ರಹ ಅಡ್ಡ ಬಂದಾಗ ಬೆಳಕಿನ ನಕ್ಷೆಯ ತಳ ಬಾಗುವುದೇಕೆ?

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಅಂತಿಮ ವರ್ಷದಲ್ಲಿದ್ದೇನೆ. ಎಚ್‌ಡಿ 209458 ನಕ್ಷತ್ರದ ಮುಂದೆ ಅದರ ಗ್ರಹ ಹಾದುಹೋದಾಗ ಬೆಳಕು ಎಷ್ಟು ಕುಗ್ಗಬೇಕೆಂದು ಲೆಕ್ಕ ಹಾಕಿದೆ. ಗ್ರಹದ ತ್ರಿಜ್ಯ ನಕ್ಷತ್ರದ ತ್ರಿಜ್ಯದ ಸುಮಾರು 0.12 ಪಾಲು, ವರ್ಗ ಮಾಡಿದರೆ ಶೇ 1.44. ಆದರೆ ದತ್ತಾಂಶದಲ್ಲಿ ನಡುಭಾಗದ ಇಳಿಕೆ ಸುಮಾರು ಶೇ 1.6 ಇದೆ, ಸಮಯದೊಂದಿಗೆ ಬೆಳಕು ಬದಲಾಗುವುದನ್ನು ತೋರಿಸುವ ನಕ್ಷೆಯ ತಳವೂ ಸಪಾಟಾಗಿಲ್ಲ. ನಾನು ತಪ್ಪಿದ್ದು ಎಲ್ಲಿ?

ಉತ್ತರ: ವರ್ಗದ ಲೆಕ್ಕ ಸರಿಯಾಗಿದೆ, ದತ್ತಾಂಶವೂ ಸರಿ. ನಕ್ಷತ್ರದ ಮುಖವೆಲ್ಲ ಒಂದೇ ಸಮನೆ ಬೆಳಗುತ್ತದೆ ಎಂದು ನೀವು ಭಾವಿಸಿದ್ದೀರಿ. ತೊಡಕು ಇರುವುದು ಅಲ್ಲಿ. ಅಭ್ಯಾಸಕ್ಕೆ ಒಳ್ಳೆಯ ನಕ್ಷತ್ರವನ್ನೇ ಆರಿಸಿದ್ದೀರಿ. 1999ರಲ್ಲಿ ಹೊರಗ್ರಹವೊಂದರ (ಸೌರವ್ಯೂಹದ ಆಚೆಯ ಗ್ರಹದ) ಸಂಕ್ರಮ, ಅಂದರೆ ಅದು ತನ್ನ ನಕ್ಷತ್ರದ ಮುಂದೆ ಹಾದುಹೋಗುವುದು, ಮೊದಲು ದಾಖಲಾದದ್ದು ಇದರಲ್ಲೇ.

ಸೂರ್ಯನ ಯಾವುದೇ ಪೂರ್ಣ ಚಿತ್ರವನ್ನು ನೋಡಿ: ನಡು ಪ್ರಖರ, ಅಂಚು ಮಬ್ಬು. ಮುಳ್ಳಯ್ಯನಗಿರಿಯಲ್ಲಿ ತೆಳು ಮಂಜು ಕವಿದಾಗ ತಲೆಯ ಮೇಲಿನ ನೀಲಿ ಕಾಣುತ್ತದೆ, ಎದುರಿನ ಗುಡ್ಡ ಕಾಣುವುದಿಲ್ಲ. ಅಡ್ಡ ನೋಟಕ್ಕೆ ಮಂಜಿನೊಳಗಿನ ದಾರಿ ಉದ್ದ. ನಕ್ಷತ್ರದಲ್ಲೂ ಹೀಗೆಯೇ. ನಡುವೆ ನಮ್ಮ ನೋಟ ಆಳದ ಬಿಸಿ ಪದರದವರೆಗೆ ಇಳಿಯುತ್ತದೆ. ಅಂಚಿನಲ್ಲಿ ಓರೆಯಾಗಿ ಸಾಗಿ, ಮೇಲಿನ ತಂಪು ಪದರದಲ್ಲೇ ನಿಲ್ಲುತ್ತದೆ.

ಇದಕ್ಕೆ ಅತಿ ಸರಳ ಸೂತ್ರ: ಪ್ರಕಾಶ = 1 − ಗ × (1 − ಮ). ಕೇಂದ್ರದ ಪ್ರಕಾಶವನ್ನು 1 ಎಂದಿಟ್ಟುಕೊಂಡಿದ್ದೇವೆ. 'ಮ' ಎಂದರೆ ನೋಟದ ರೇಖೆಗೂ ಮೇಲ್ಮೈಯ ಲಂಬಕ್ಕೂ ನಡುವಿನ ಕೋನದ ಕೊಸೈನ್. 'ಗ' ಎಂದರೆ ಅಂಚು ಎಷ್ಟು ಮಬ್ಬಾಗುತ್ತದೆ ಎಂಬುದರ ಅಳತೆ; ದೃಗ್ಗೋಚರ ಬೆಳಕಿನಲ್ಲಿ ಸೂರ್ಯನಂಥ ನಕ್ಷತ್ರಕ್ಕೆ ಅದು ಸುಮಾರು 0.6. ಇಡೀ ಮುಖದ ಸರಾಸರಿ ಪ್ರಕಾಶ 1 − ಗ/3, ಅಂದರೆ 0.8. ನಿಮ್ಮ ಗ್ರಹ ನಕ್ಷತ್ರದ ಕೇಂದ್ರದ ಮೇಲೆ ಹಾಯುವುದಿಲ್ಲ. ಅತಿ ಹತ್ತಿರ ಬಂದಾಗಲೂ ತ್ರಿಜ್ಯದ ಅರ್ಧದಷ್ಟು ದೂರದಲ್ಲಿರುತ್ತದೆ. ಅಲ್ಲಿ 'ಮ' 0.866, ಪ್ರಕಾಶ 0.92. ಇದನ್ನು 0.8ರಿಂದ ಭಾಗಿಸಿ 1.44ರಿಂದ ಗುಣಿಸಿ: ಸುಮಾರು ಶೇ 1.66. ಗ್ರಹ ಅಂಚಿನ ಒಳಗೆ, ಕೇಂದ್ರದಿಂದ 0.85 ತ್ರಿಜ್ಯದಷ್ಟು ದೂರದಲ್ಲಿದ್ದಾಗ ಇದೇ ಲೆಕ್ಕ ಶೇ 1.29 ಕೊಡುತ್ತದೆ. ತಳ ಬಾಗಿರುವುದಕ್ಕೆ ಕಾರಣ ಇದೇ. ಇಷ್ಟು ಚಿಕ್ಕ ಸೂತ್ರ ಅಷ್ಟು ದೂರದ ನಕ್ಷತ್ರದ ಬೆಳಕಿಗೆ ಇಷ್ಟು ಹತ್ತಿರ ಬರುವುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಗ್ರಹ ಅಂಚನ್ನು ದಾಟುತ್ತಿರುವಾಗ, ಅರ್ಧ ಒಳಗೆ ಅರ್ಧ ಹೊರಗೆ ಇರುವ ಹಂತಕ್ಕೆ ಈ ಅಂದಾಜು ಸಾಲದು. ಅದಕ್ಕೆ ಖಗೋಳ ವಿಜ್ಞಾನಿಗಳಾದ ಮ್ಯಾಂಡೆಲ್ ಮತ್ತು ಅಗೋಲ್ 2002ರಲ್ಲಿ ಕೊಟ್ಟ ಸೂತ್ರಗಳನ್ನು ಬಳಸಿ. ಅವುಗಳಲ್ಲಿ (1 − ಮ)ದ ವರ್ಗಪದವೂ ಇರುವ ಅಂಚು-ಮಬ್ಬಿನ ನಿಯಮ ಸೇರಿದೆ.

ಮುಂದೆ ದತ್ತಾಂಶಕ್ಕೆ ಮಾದರಿಯನ್ನು ಹೊಂದಿಸುವಾಗ ಒಂದು ಎಚ್ಚರಿಕೆ. ಗ್ರಹದ ಗಾತ್ರ, ಅದರ ಹಾದಿ ಕೇಂದ್ರದಿಂದ ಇರುವ ದೂರ ಮತ್ತು 'ಗ', ಈ ಮೂರರಲ್ಲಿ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಬಿಡಬಲ್ಲದು. ಒಂದೇ ಬಣ್ಣದ ದತ್ತಾಂಶವನ್ನು ನಂಬಿ ಕೂರಬೇಡಿ. ಅವಕೆಂಪಿನಲ್ಲಿ ಅಂಚಿನ ಮಬ್ಬು ಬಹಳ ಕಡಿಮೆ, ತಳ ಹೆಚ್ಚು ಸಪಾಟು. ಅಲ್ಲಿ ಮೊದಲು ಗಾತ್ರವನ್ನು ಅಂದಾಜು ಮಾಡಿಕೊಂಡು, ಆಮೇಲೆ ದೃಗ್ಗೋಚರ ಬೆಳಕಿನ ದತ್ತಾಂಶಕ್ಕೆ ಬನ್ನಿ.