ಜಡ್ಜರಿಗೆ ಓಟು ಹಾಕಿದರೆ ಕನ್ನಡ ಬಂದೀತೇ?

ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆಯ ಓದುಗರೊಬ್ಬರ ಪತ್ರ: ಜಾಗದ ಕೇಸಿಗೆ ಅಜ್ಜನ ಕಾಲದ ಕನ್ನಡ ದಾಖಲೆಗಳನ್ನೆಲ್ಲ ಭಾಷಾಂತರ ಮಾಡಿಸಬೇಕಾಗಿದೆ. ಅಮೆರಿಕದಲ್ಲಿದ್ದಂತೆ ಜಡ್ಜರನ್ನು ನಾವೇ ಆರಿಸುವುದಾದರೆ ಕನ್ನಡ ಬಲ್ಲವರು ಬರುತ್ತಿದ್ದರಲ್ಲ? ಕಾನೂನು ಓದುತ್ತಿರುವ ಮಗಳು ಜಡ್ಜ್ ಆಗಲು ಏನು ಮಾಡಬೇಕು?

ಸಂಪಾದಕರ ಉತ್ತರ:

ಅಮೆರಿಕದಲ್ಲೂ ಎಲ್ಲ ಜಡ್ಜರು ಓಟಿನಿಂದ ಬರುವುದಿಲ್ಲ. ಫೆಡರಲ್ ಕೋರ್ಟುಗಳಿಗೆ ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಒಪ್ಪಬೇಕು. ಚುನಾವಣೆ ಇರುವುದು ಹಲವು ರಾಜ್ಯಗಳ ಕೋರ್ಟುಗಳಿಗೆ. ಅಲ್ಲಿ ಪ್ರಚಾರಕ್ಕೆ ದುಡ್ಡು ಕೊಟ್ಟ ವಕೀಲರೇ ನಾಳೆ ಅದೇ ಜಡ್ಜರ ಮುಂದೆ ವಾದಕ್ಕೆ ನಿಲ್ಲಬಹುದು. ಮಿಸೌರಿ ರಾಜ್ಯ 1940ರಲ್ಲಿ ಮೇಲಿನ ಕೋರ್ಟುಗಳಿಗೆ ಬೇರೆ ದಾರಿ ಹಿಡಿಯಿತು: ಸಮಿತಿ ಕೊಟ್ಟ ಮೂರು ಹೆಸರುಗಳಲ್ಲಿ ಒಬ್ಬರನ್ನು ಗವರ್ನರ್ ನೇಮಿಸುತ್ತಾರೆ, ಆಮೇಲೆ ಜನ ‘ಇರಲಿ’ ಅಥವಾ ‘ಬೇಡ’ ಎನ್ನುತ್ತಾರೆ. ಅಷ್ಟಕ್ಕೂ ಈ ಜಿಲ್ಲೆಯಲ್ಲಿ ಕನ್ನಡಿಗರು ಅಲ್ಪಸಂಖ್ಯಾತರು. ಓಟಿನ ಲೆಕ್ಕ ನಿಮ್ಮ ಕಡೆಗೆ ತಿರುಗುವುದು ಹೇಗೆ?

ನಮ್ಮ ಕೆಳ ಕೋರ್ಟಿನ ಸಿವಿಲ್ ಜಡ್ಜ್ ಬರುವುದು ಪರೀಕ್ಷೆಯಿಂದ. ಪೂರ್ವಭಾವಿ, ಮುಖ್ಯ, ಕೊನೆಗೆ ಮೌಖಿಕ. ಕೇರಳ, ಕರ್ನಾಟಕ, ಆಂಧ್ರಗಳಲ್ಲಿ ಅದನ್ನು ನಡೆಸುವುದು ಹೈಕೋರ್ಟ್. ತಮಿಳುನಾಡು, ಮಹಾರಾಷ್ಟ್ರಗಳಲ್ಲಿ ಲೋಕಸೇವಾ ಆಯೋಗ. ಹೊಸೂರು, ಅಕ್ಕಲಕೋಟೆಯ ಓದುಗರು ಇದನ್ನು ಗುರುತು ಮಾಡಿಕೊಳ್ಳಲಿ. ಕರ್ನಾಟಕದ ಮುಖ್ಯ ಪರೀಕ್ಷೆಯಲ್ಲಿ ಕನ್ನಡ–ಇಂಗ್ಲಿಷ್ ಭಾಷಾಂತರಕ್ಕೇ ಒಂದು ಪತ್ರಿಕೆಯಿದೆ. ಮಗಳು ಕೇರಳದಲ್ಲಿ ಪಾಸಾದರೂ ಮೊದಲ ಪೋಸ್ಟಿಂಗ್ ಕೊಲ್ಲಂನಲ್ಲಾದೀತು, ಏಕೆಂದರೆ ಆಯ್ಕೆ ಇಡೀ ರಾಜ್ಯಕ್ಕೆ.

ಈ ಪರೀಕ್ಷೆಗೆ ಕೂರಲು ಮೂರು ವರ್ಷದ ವಕೀಲಿ ಬೇಕೆಂದು 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪು ಹೇಳಿತು. ವಕೀಲರಾಗಿ ತಾತ್ಕಾಲಿಕ ನೋಂದಣಿಯಾದ ದಿನದಿಂದಲೇ ಎಣಿಕೆ. ಆದರೆ ಸನ್ನದು (ವಕೀಲಿಯ ಪರವಾನಗಿ) ಇದ್ದರೆ ಸಾಲದು: ಕೋರ್ಟಿನ ಪ್ರಧಾನ ನ್ಯಾಯಾಧಿಕಾರಿಯ ಪ್ರಮಾಣಪತ್ರ, ಇಲ್ಲವೇ 10 ವರ್ಷ ಅನುಭವದ ವಕೀಲರ ಪ್ರಮಾಣಪತ್ರ ಮತ್ತು ಅದರ ಮೇಲೆ ಪ್ರಧಾನ ನ್ಯಾಯಾಧಿಕಾರಿಯ ದೃಢೀಕರಣ ಬೇಕು. ಮನೆಯಲ್ಲಿ ಕೂತು ಕೋಚಿಂಗ್ ಮಾಡಿದವರು ಸಿಕ್ಕಿಬೀಳುವುದು ಇಲ್ಲೇ. ಅರ್ಜಿ ಹಾಕುವಾಗ ಆ ವರ್ಷದ ಪ್ರಕಟಣೆ ನೋಡಿಕೊಳ್ಳಲಿ. ಹೈಕೋರ್ಟ್ ಜಡ್ಜರ ಆಯ್ಕೆಗೆ ಪರೀಕ್ಷೆಯಿಲ್ಲ, ಕೊಲಿಜಿಯಂ (ಹಿರಿಯ ಜಡ್ಜರ ಸಮಿತಿ) ಇದೆ; ಅದರ ಜಗಳ ನಿಮ್ಮ ಕೇಸಿಗೆ ತಟ್ಟುವುದಿಲ್ಲ.

ತಟ್ಟುವುದು ಭಾಷಾಂತರ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡದ ತಾಲೂಕು, ಹಳೆಯ ಕಾಗದಗಳ ಮಾತೂ ಅಲ್ಲಿಯದೇ. ‘ವರ್ಗ’ ಎಂದರೆ ಜಾಗದ ಹಿಡುವಳಿ. ಮಲಯಾಳದ ‘ವರ್ಗಂ’ ಎಂದು ಓದಿದವರಿಗೆ ಅದು ಬರೀ ವಿಧ. ‘ಕುಮ್ಕಿ’ ಎಂದರೆ ಕದೀಂ (ಹಳೆಯ ಕಾಲದ) ವರ್ಗ ಜಾಗದ 100 ಗಜದೊಳಗಿನ ಸರ್ಕಾರಿ ನೆಲದಿಂದ ಸೊಪ್ಪು, ಸೌದೆ ತರುವ ಸವಲತ್ತು, ಒಡೆತನವಲ್ಲ. ಭಾಷಾಂತರದಲ್ಲಿ ಅದು ‘ಸ್ವಂತ ಜಾಗ’ ಆಯಿತೋ, ಪಾಟೀಸವಾಲಿನಲ್ಲಿ ಎದುರು ವಕೀಲರು ಮೂಲ ಕಾಗದ ಹಿಡಿದೇ ನಿಮ್ಮನ್ನು ಸುಳ್ಳುಗಾರರನ್ನಾಗಿ ಮಾಡುತ್ತಾರೆ. ಇಂಥ ಶಬ್ದಗಳನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಅರ್ಥ ಬರೆಸಿ.

ಸಿವಿಲ್ ಕೇಸಿನಲ್ಲಿ ಮುಖ್ಯ ವಿಚಾರಣೆ, ಅಂದರೆ ಪಾಟೀಸವಾಲಿಗೆ ಮೊದಲು ನೀವು ಕೊಡುವ ಸಾಕ್ಷ್ಯ, ಈಗ ಅಫಿಡವಿಟ್‌ನಲ್ಲಿ. ರುಜು ಹಾಕುವ ಮೊದಲು ವಕೀಲರಿಂದ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಕಟಕಟೆಯಲ್ಲಿ ನೀವು ಕನ್ನಡದಲ್ಲಿ ಹೇಳಿದ್ದನ್ನು ನಿಮಗೆ ತಿಳಿಯದ ಭಾಷೆಯಲ್ಲಿ ಬರೆದುಕೊಂಡರೆ, ಅದನ್ನು ಕನ್ನಡದಲ್ಲೇ ನಿಮಗೆ ವಿವರಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 6ನೇ ನಿಯಮ ಹೇಳುತ್ತದೆ. ಕೇಳಿ ಪಡೆಯಿರಿ. ಕೆಳ ಕೋರ್ಟಿನ ಭಾಷೆ ಯಾವುದೆಂದು ನಿಗದಿ ಮಾಡುವ ಅಧಿಕಾರ ಅದೇ ಸಂಹಿತೆಯ 137ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರದ್ದು. ಕನ್ನಡಕ್ಕಾಗಿ ಮನವಿ ಬರೆಯುವುದಾದರೆ ಜಡ್ಜರಿಗಲ್ಲ, ತಿರುವನಂತಪುರಕ್ಕೆ ಬರೆಯಿರಿ.